ವಿಶ್ರಾಂತಿ ಯಾರಪ್ಪನ ಆಸ್ತಿ?

ನಮ್ಮ ಹಾಸ್ಟೆಲಿನ ಒಬ್ಬನ ಅಪ್ಪನಿಗೆ ಬೆನ್ನಲ್ಲಿ ತೂತು ಮಾಡಿ ಮೂತ್ರಪಿಂಡದ ಕಲ್ಲು ಒಡೆದು ತೆಗೆದರು. ಹಿಂದಿನ ರಾತ್ರಿಯಿಂದ ಏನೂ ತಿನ್ನಬೇಡಿ ಅಂದಾಗ, "ಉಪವಾಸ ನಮಗೇನು ಹೊಸದಾ?" ಅಂತ ಆ ಹಿರಿಯರು ನಕ್ಕರು. ರಕ್ತ ಬೇಕಾದೀತು ಅಂದರು, ಸಾಲುಗಟ್ಟಿ ನಿಂತೆವು. ಅಲ್ಲಿ ಗುಂಪು ಕೇಳಿದರು, ಜಾತಿ ಕೇಳಲಿಲ್ಲ.

ಮನೆಗೆ ಕಳಿಸುವಾಗ ಹೇಳಿದರು: ಚೆನ್ನಾಗಿ ನೀರು ಕುಡಿಯಿರಿ, ಕೆಲವು ವಾರ ಭಾರ ಎತ್ತಬೇಡಿ, ಒಳಗಿಟ್ಟ ಸ್ಟೆಂಟ್ ನಳಿಕೆ ತೆಗೆಸೋಕೆ ಹೇಳಿದ ದಿನ ಬನ್ನಿ. ಸರಿಯಾದ ಮಾತೇ. ಆದರೆ ಬಿಸಿಲಲ್ಲಿ ಮಣ್ಣು ಹೊರುವವನಿಗೆ ನೀರೆಲ್ಲಿ? ಬೆವರು ಹರಿದು ನೀರು ಸಾಲದಾದಾಗಲೇ ಮೂತ್ರ ಗಟ್ಟಿಯಾಗಿ ಕಲ್ಲು ಕಟ್ಟೋದು. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಕೆರೆಯಲ್ಲಿ ಬೊಗಸೆ ನೀರು ಕುಡಿದು ಕೇಳಿದ ಹಕ್ಕು ಇನ್ನೂ ಬಾಕಿ ಇದೆ.

ಕೂಲಿ ಬಿಟ್ಟರೆ ಒಲೆ ಉರಿಯಲ್ಲ. ಗಾಯ ಮಾಯುವ ಮೊದಲೇ ಬುಟ್ಟಿ ತಲೆಗೇರುತ್ತೆ. ನೋವು ನಿಂತಿತಲ್ಲ ಅಂತ ಸ್ಟೆಂಟ್ ಮರೆತರೆ ಅದರ ಮೇಲೂ ಕಲ್ಲು ಕಟ್ಟುತ್ತೆ, ಮೂತ್ರಪಿಂಡವೇ ಹೋದೀತು. ಆಪರೇಷನ್ ಬಿಟ್ಟಿ ಮಾಡಿದರೆ ಸಾಲದು, ಮಲಗಿದ ದಿನಗಳ ಕೂಲಿಯನ್ನೂ ಕೊಡಿ ಅಂತ ಕೇಳೋಣ.

ಅದು ಸಿಗೋವರೆಗೆ ನಾವೇ ಸರದಿ ಹಾಕಿಕೊಂಡು ಅವರ ಮನೆಗೆ ನೀರು ಹೊರೋಣ. ಸ್ಟೆಂಟ್ ತೆಗೆಸೋ ತಾರೀಖನ್ನ ನಮ್ಮ ರೂಮಿನ ಗೋಡೆ ಮೇಲೆ ಬರೆದಿದ್ದೇವೆ. ನೀವೂ ಬರೆಯಿರಿ.