ರೋಗಿಯ ನಿದ್ರೆ ಮತ್ತು ಸಂಗೀತ

ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ರೋಗಿಗೆ ಭಯದಿಂದ ನಿದ್ರೆ ಬಾರದು. ಮರುದಿನದ ರಾತ್ರಿ ನೋವಿನಿಂದ ಬಾರದು. ಗಾಯ ಮಾಯಲು ವಿಶ್ರಾಂತಿ ಅವಶ್ಯಕ. ಆದರೆ ಆಸ್ಪತ್ರೆಯಲ್ಲಿ ಕಾಲಸಪ್ಪಳ, ಮಾತುಕತೆ, ಯಂತ್ರಗಳ ಸದ್ದು ರಾತ್ರಿಯಿಡೀ ಅವನನ್ನು ಎಚ್ಚರಿಸುತ್ತಿರುತ್ತವೆ. ಇದಕ್ಕೆ ನಿದ್ರೆಯ ಗುಳಿಗೆಯೊಂದೇ ಪರಿಹಾರವೇ?

ಜೋಗುಳ ಹಾಡಿ ಮಗುವನ್ನು ಮಲಗಿಸುವ ತಾಯಿಗೆ ಬೇರೊಂದು ಉಪಾಯ ತಿಳಿದಿದೆ. ಕರ್ನಾಟಕ ಸಂಗೀತದಲ್ಲಿ ನೀಲಾಂಬರಿಯನ್ನು ನಿದ್ರೆ ತರಿಸುವ ರಾಗವೆಂದೇ ಭಾವಿಸುತ್ತಾರೆ. ಆಧುನಿಕ ಶುಶ್ರೂಷೆಗೆ ತಳಹದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಮಾನವ ಕಂಠವೂ ಎಡೆಬಿಡದೆ ನಾದ ಹೊಮ್ಮಿಸುವ ವಾದ್ಯಗಳೂ ರೋಗಿಗೆ ಹಿತಕರವೆಂದು ಹೇಳಿದರು. ಆದರೆ ಸಂಗೀತವು ದುಬಾರಿಯಾದುದರಿಂದ ಎಲ್ಲ ರೋಗಿಗಳಿಗೂ ಅದನ್ನು ಒದಗಿಸಲಾಗದೆಂದು ಆಕೆ ಕಂಡುಕೊಂಡಿದ್ದರು. ಧ್ವನಿಮುದ್ರಣವು ಬಂದ ಮೇಲೆ ಆ ಅಡ್ಡಿ ಸಡಿಲವಾಯಿತು. 1914ರ ವೇಳೆಗೆ ಇವಾನ್ ಕೇನ್ ಎಂಬ ಅಮೆರಿಕದ ಶಸ್ತ್ರವೈದ್ಯರು ರೋಗಿಗಳ ಭಯವನ್ನು ಕಳೆಯಲು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿಯೇ ಫೋನೋಗ್ರಾಫ್ ಬಳಸುತ್ತಿದ್ದರು.

ಇಂದು ಇದು ಕೇವಲ ನಂಬಿಕೆಯಾಗಿ ಉಳಿದಿಲ್ಲ. ಸುಮಾರು 7,000 ರೋಗಿಗಳನ್ನೊಳಗೊಂಡ 73 ಪ್ರಯೋಗಗಳ ಸಮೀಕ್ಷೆಯೊಂದು 2015ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಸಂಗೀತ ಕೇಳಿದವರಲ್ಲಿ ಶಸ್ತ್ರಚಿಕಿತ್ಸೆಯ ಅನಂತರದ ನೋವೂ ಆತಂಕವೂ ಕಡಿಮೆಯಾದುವು. ನೋವುನಿವಾರಕ ಔಷಧಿಯೂ ಕಡಿಮೆ ಸಾಕಾಯಿತು. ನಿದ್ರೆಯನ್ನು ಕೆಡಿಸುವ ಶತ್ರುಗಳು ಇವೇ ಅಲ್ಲವೇ? ಆದರೂ ಆಸ್ಪತ್ರೆಯಲ್ಲಿ ಉಳಿಯಬೇಕಾದ ದಿನಗಳು ಇದರಿಂದ ಕಡಿಮೆಯಾಗಲಿಲ್ಲ. ಆದುದರಿಂದ ಸಂಗೀತವು ಔಷಧಿಗೆ ಜೊತೆಗಾರನೇ ಹೊರತು ಅದರ ಸ್ಥಾನವನ್ನು ಆಕ್ರಮಿಸತಕ್ಕದ್ದಲ್ಲ.

ಹಾಗೆಂದು ವಾರ್ಡಿನ ನಡುವೆ ಧ್ವನಿವರ್ಧಕವನ್ನು ತೂಗುಹಾಕುವುದು ವಿವೇಕವಲ್ಲ. ಒಬ್ಬನಿಗೆ ಇಂಪಾದುದು ಪಕ್ಕದ ಹಾಸಿಗೆಯವನಿಗೆ ಕರ್ಕಶವಾಗಬಹುದು. ರೋಗಿಗಳ ಕೊಠಡಿಯಲ್ಲಿ ರಾತ್ರಿಯ ಸದ್ದು 30 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 1999ರಲ್ಲಿಯೇ ಸೂಚಿಸಿದೆ. ಮೊದಲು ಮೌನ, ಬಳಿಕ ಸಂಗೀತ; ಅದೂ ರೋಗಿ ತಾನೇ ಆರಿಸಿದ್ದು, ಅವನ ಕಿವಿಗಷ್ಟೇ ಕೇಳಿಸುವಂಥದು, ಬೇಡವೆನಿಸಿದೊಡನೆ ನಿಲ್ಲಿಸಬಹುದಾದುದು.

ನೈಟಿಂಗೇಲರ ಕಾಲದಲ್ಲಿ ಹಣದ ಅಡ್ಡಿಯಿತ್ತು. ಇಂದು ಒಂದು ಜೊತೆ ಇಯರ್‌ಫೋನ್ ಬಡವನ ಹಾಸಿಗೆಗೂ ಸಂಗೀತವನ್ನು ತರಬಲ್ಲುದು. ಕೊರತೆಯಿರುವುದು ಹಣದಲ್ಲಲ್ಲ, ಗಮನದಲ್ಲಿ. ಗಾಯಕ್ಕೆ ಪಟ್ಟಿ ಕಟ್ಟುವುದು ಹೇಗೆ ಚಿಕಿತ್ಸೆಯೋ, ರೋಗಿಯ ನಿದ್ರೆಯನ್ನು ಕಾಯುವುದೂ ಹಾಗೆಯೇ ಚಿಕಿತ್ಸೆ.