ಸೀಗಡಿಗೆ ಇರುವ ತಂಪು ಚಾಲಕನಿಗೇಕಿಲ್ಲ?

ಕಳೆದ ಏಪ್ರಿಲ್‌ನ ಒಂದು ಭಾನುವಾರ ಪರಿಚಿತರೊಬ್ಬರ ಜೊತೆ ವಲ್ಲಾರ್ಪಾಡಂಗೆ ಹೋಗುವ ಕಂಟೇನರ್ ರಸ್ತೆಯ ಬದಿಯ ಗ್ಯಾರೇಜೊಂದಕ್ಕೆ ಹೋಗಿದ್ದೆ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕೆ ಉತ್ತೇಜನ ಕೊಡಲಾರಂಭಿಸಿದ ಮೇಲೆ ಅವರೂ ಒಂದು ಕ್ಯಾರವಾನ್ ಇಟ್ಟುಕೊಂಡು ಬಾಡಿಗೆಗೆ ಕೊಡುತ್ತಾರೆ. ಅದರ ಚಾವಣಿಯ ಮೇಲಿನ ಎ.ಸಿ. ಹಳತಾಗಿ, ತಂಪಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತಿತ್ತು. ಮೆಕ್ಯಾನಿಕ್ ಒಳಗಿನ ಮುಚ್ಚಳ ತೆಗೆದು, ಉದ್ದನೆಯ ಬೋಲ್ಟುಗಳನ್ನು ಬಿಚ್ಚಿ, ಇಬ್ಬರು ಹುಡುಗರ ಕೈಯಲ್ಲಿ ಹಳೆಯ ಪೆಟ್ಟಿಗೆಯನ್ನು ಇಳಿಸಿದ. ಚಾವಣಿಯ ಚೌಕದ ಕಿಂಡಿಯ ಸುತ್ತ ರಬ್ಬರು ಚಪ್ಪಟೆಯಾಗಿ, ಮಳೆನೀರು ಒಳಗಿಳಿದ ಕಲೆ ಕಾಣುತ್ತಿತ್ತು. ಅದನ್ನು ಕೆರೆದು ಒರೆಸಿ, ಹೊಸ ರಬ್ಬರಿನ ಮೇಲೆ ಹೊಸ ಯಂತ್ರವನ್ನು ಕೂರಿಸಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದಿತ್ತು.

ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಿ ಒಬ್ಬರು ಹತ್ತಿರ ಬಂದರು. ರಸ್ತೆಯಂಚಿನಲ್ಲಿ ನಿಂತಿದ್ದ ಕರ್ನಾಟಕ ನೋಂದಣಿಯ ಟ್ರೇಲರಿನ ಚಾಲಕ, ಶಿರಾ ಕಡೆಯವರು. ಕೆಳಗಿಟ್ಟಿದ್ದ ಹಳೆಯ ಪೆಟ್ಟಿಗೆಯನ್ನೇ ನೋಡುತ್ತ ಕೇಳಿದರು: “ಸಾರ್, ಇದನ್ನ ಇವ್ರು ಗುಜರಿಗೆ ಹಾಕ್ತಾರಾ? ನಮ್ಮ ಗಾಡಿ ಮೇಲೆ ಕೂರ್ಸೋಕಾಗುತ್ತಾ ಕೇಳಿ.”

ನಾನು ಕೇಳಿದೆ. ಮೆಕ್ಯಾನಿಕ್ ನಕ್ಕ. ನಗುವಿನಲ್ಲಿ ಕುಹಕವಿರಲಿಲ್ಲ, ಲೆಕ್ಕವಿತ್ತು. ಆ ಯಂತ್ರ ಮನೆಯ ಕರೆಂಟಿನಂತೆ 230 ವೋಲ್ಟಿನಲ್ಲಿ ನಡೆಯುವಂಥದು, ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. ಲಾರಿಯಲ್ಲಿರುವುದು ಎರಡು ಬ್ಯಾಟರಿ ಸೇರಿದ 24 ವೋಲ್ಟ್. ಇನ್ವರ್ಟರ್ ಹಾಕಿ ನಡೆಸಿದರೂ ಗಂಟೆಗೆ ಎಪ್ಪತ್ತು ಆಂಪಿಯರಿನಷ್ಟು ಖಾಲಿಯಾಗುತ್ತದೆ; 150 ಆಂಪಿಯರ್-ಅವರ್‌ನ ಬ್ಯಾಟರಿ ಎರಡು ಗಂಟೆಗೇ ಬರಿದು. ಬೆಳಿಗ್ಗೆ ಸ್ಟಾರ್ಟರ್ ತಿರುಗುವುದಿಲ್ಲ. ಚಾಲಕ ತಲೆಯಾಡಿಸಿ, ಹೆಗಲ ಟವೆಲಿನಿಂದ ಕತ್ತು ಒರೆಸಿಕೊಂಡು ತಮ್ಮ ಗಾಡಿಯತ್ತ ನಡೆದರು. ಒಂದು ಮನೆಗೆ ಬೇಡವಾದ ತಂಪು ಇನ್ನೊಂದು ಮನೆಗೆ ಒಗ್ಗಲಿಲ್ಲ.

‘ಮನೆ’ ಎಂಬ ಮಾತನ್ನು ತಿಳಿದೇ ಬಳಸಿದ್ದೇನೆ. ಕ್ಯಾರವಾನಿನಲ್ಲಿ ಜನ ವರ್ಷಕ್ಕೆ ನಾಲ್ಕು ದಿನ ಮಲಗುತ್ತಾರೆ, ಅದನ್ನು ಸಂಚಾರಿ ಮನೆ ಎಂದು ಕರೆಯುತ್ತೇವೆ. ಲಾರಿಯ ಕ್ಯಾಬಿನ್ನಿನಲ್ಲಿ ಒಬ್ಬ ಮನುಷ್ಯ ತಿಂಗಳಿಗೆ ಇಪ್ಪತ್ತು ರಾತ್ರಿ ಮಲಗುತ್ತಾನೆ, ಬೇಯಿಸಿಕೊಳ್ಳುತ್ತಾನೆ, ಬಟ್ಟೆ ಒಣಗಿಸುತ್ತಾನೆ, ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಾನೆ. ಅದನ್ನು ಮಾತ್ರ ವಾಹನ ಎನ್ನುತ್ತೇವೆ. ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ.

ಅವರ ಟ್ರೇಲರಿನ ಮೇಲಿದ್ದದ್ದು ಶೀತಲ ಕಂಟೇನರು. ನಮ್ಮ ಕರಾವಳಿಯ ಘಟಕವೊಂದರಲ್ಲಿ ತುಂಬಿಸಿದ ಸೀಗಡಿ. ಕಾಸರಗೋಡು, ಕಣ್ಣೂರು, ಕೋಳಿಕ್ಕೋಡ್ ದಾಟಿ ಬಂದು ಟರ್ಮಿನಲ್ಲಿನ ಸರದಿಗೆ ಕಾಯುತ್ತಿತ್ತು. ಹೆಪ್ಪುಗಟ್ಟಿಸಿದ ಸೀಗಡಿಯನ್ನು ಮೈನಸ್ 18 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಇಡಬೇಕು. ಅದಕ್ಕೆಂದೇ ಒಂದು ಡೀಸೆಲ್ ಜೆನ್‌ಸೆಟ್ ಹಗಲೂ ರಾತ್ರಿ ಓಡುತ್ತದೆ. ಒಳಗಿನ ಉಷ್ಣತೆ ಗಂಟೆಗಂಟೆಗೂ ದಾಖಲಾಗುತ್ತದೆ. ಟರ್ಮಿನಲ್ಲಿನ ಒಳಗೆ ಹೋದರೆ ಇಂಥ ಕಂಟೇನರುಗಳಿಗೆಂದೇ ಸಾಲುಸಾಲು ವಿದ್ಯುತ್ ಪ್ಲಗ್ಗುಗಳಿವೆ.

ಇನ್ನೊಂದು ಸಂಗತಿಯನ್ನು ಓದುಗರು ದಯವಿಟ್ಟು ಗಮನಿಸಬೇಕು. ಶೀತಲ ಕಂಟೇನರಿನ ಬಾಗಿಲಿರುವುದು ಹಿಂದೆ, ತಂಪು ಮಾಡುವ ಯಂತ್ರವಿರುವುದು ಮುಂಭಾಗದ ಗೋಡೆಯಲ್ಲಿ. ತಂಪು ಮಾಡುವುದೆಂದರೆ ಒಳಗಿನ ಬಿಸಿಯನ್ನು ಹೀರಿ ಹೊರಗೆ ಎಸೆಯುವುದು. ಹಾಗೆ ಎಸೆದ ಬಿಸಿ ಬೀಳುವುದು ಚಾಲಕನ ಕ್ಯಾಬಿನ್ನಿನ ಬೆನ್ನಿಗೆ, ಅಂದರೆ ಅವನು ತಲೆಯಿಟ್ಟು ಮಲಗುವ ಹಲಗೆಯ ಕಡೆಗೆ. ಸೀಗಡಿಯ ಮೈಯಿಂದ ತೆಗೆದ ಸೆಕೆಯನ್ನು ಮನುಷ್ಯನ ಮೈಮೇಲೆ ಸುರಿಯುವ ಏರ್ಪಾಡಿದು. ಇದನ್ನು ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ಯಾರೂ ಆ ಮನುಷ್ಯನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟೆ.

“ಮೀನು ಕೆಟ್ರೆ ಓನರ್‌ಗೆ ಫೋನ್ ಬರುತ್ತೆ ಸಾರ್. ನಾನು ಕೆಟ್ರೆ ಯಾರಿಗೂ ಬರಲ್ಲ,” ಎಂದರು ಅವರು, ಚಹಾ ಕುಡಿಯುತ್ತ. ದೂರಿನ ದನಿಯಲ್ಲಲ್ಲ, ದಾರಿ ಹೇಳುವ ದನಿಯಲ್ಲಿ.

ಕೊಚ್ಚಿಯ ಬೇಸಿಗೆಯನ್ನು ಅನುಭವಿಸದವರಿಗೆ 34 ಡಿಗ್ರಿ ಎಂದರೆ ದೊಡ್ಡದೆನಿಸಲಿಕ್ಕಿಲ್ಲ. ರಾಯಚೂರು, ಕಲಬುರಗಿಯವರು ನಕ್ಕಾರು. ಆದರೆ ಅಲ್ಲಿ ಬೆವರು ಆರುತ್ತದೆ, ಇಲ್ಲಿ ಆರುವುದಿಲ್ಲ. ಹಿನ್ನೀರಿನ ತೇವ ತುಂಬಿದ ಗಾಳಿ ಬೆವರನ್ನು ಸ್ವೀಕರಿಸುವುದೇ ಇಲ್ಲ. ಏಪ್ರಿಲ್ ರಾತ್ರಿಗಳಲ್ಲೂ ಉಷ್ಣತೆ 27 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಗಲೆಲ್ಲ ಕಾದ ತಗಡಿನ ಕ್ಯಾಬಿನ್ನಿಗೆ ಅದು ಇನ್ನಷ್ಟು. ಕಿಟಕಿ ತೆರೆದರೆ ಸೊಳ್ಳೆ, ಜೊತೆಗೆ ಮೊಬೈಲು-ಡೀಸೆಲ್ ಕಳ್ಳರ ಭಯ. ಮುಚ್ಚಿದರೆ ಕುಲುಮೆ. ಬೇಸಿಗೆ ಬಂದಾಗ ಕೇರಳದ ಕಾರ್ಮಿಕ ಇಲಾಖೆ ಬಿಸಿಲಿನಲ್ಲಿ ದುಡಿಯುವವರಿಗೆ ಮಧ್ಯಾಹ್ನ ಕಡ್ಡಾಯ ವಿರಾಮ ಕೊಡಿಸುತ್ತದೆ. ಒಳ್ಳೆಯ ಕ್ರಮ. ಆದರೆ ಲಾರಿ ಚಾಲಕ ಬಿಸಿಲಿನಲ್ಲಿಲ್ಲ, ‘ನೆರಳಿನಲ್ಲಿ’ ಇದ್ದಾನೆ. ಆ ನೆರಳು ಕಾದ ತಗಡಿನದು.

ಹಾಗಾದರೆ ಕಾನೂನು ಬಂದಿಲ್ಲವೇ? ಬಂದಿದೆ. ಕೇಂದ್ರ ಹೆದ್ದಾರಿ ಸಚಿವಾಲಯ 2023ರ ಡಿಸೆಂಬರಿನಲ್ಲಿ ಅಧಿಸೂಚನೆ ಹೊರಡಿಸಿತು. ಅದರಂತೆ ಒಟ್ಟು ತೂಕ 3.5 ಟನ್ನಿಗೆ ಮೀರಿದ ಎನ್2, ಎನ್3 ವರ್ಗದ ಹೊಸ ಲಾರಿಗಳ ಕ್ಯಾಬಿನ್ನಿಗೆ 2025ರಿಂದ ಎ.ಸಿ. ಕಡ್ಡಾಯ. ಬಹಳ ತಡವಾಗಿ ಬಂದರೂ ಇದು ಸ್ವಾಗತಾರ್ಹವೇ. ನಾನು ಕೇಂದ್ರ ಸರ್ಕಾರದ ನೌಕರ. ಸರ್ಕಾರವನ್ನು ಟೀಕಿಸಲು ನನ್ನ ನಡತೆ ನಿಯಮಗಳಲ್ಲಿ ಜಾಗ ಕಡಿಮೆ. ನಾನಿಲ್ಲಿ ಟೀಕಿಸುತ್ತಿರುವುದು ‘ಕಾನೂನು ಬಂತಲ್ಲ, ಇನ್ನೇನು’ ಎಂದು ಕೈತೊಳೆದುಕೊಳ್ಳುವ ನಮ್ಮನ್ನು. ಏಕೆಂದರೆ ಆ ಕಾನೂನಿನ ಆಚೆ ಎರಡು ದೊಡ್ಡ ಕತ್ತಲೆಗಳು ಉಳಿದಿವೆ.

ಮೊದಲನೆಯದು ಹಳೆಯ ಲಾರಿಗಳು. ಕಂಟೇನರ್ ರಸ್ತೆಯಲ್ಲಿ ಒಂದು ಸಂಜೆ ನಡೆದು ನೋಡಿ: ಸಾಲಾಗಿ ನಿಂತವುಗಳಲ್ಲಿ ಹೊಸವೆಷ್ಟು, ಹಳೆಯವೆಷ್ಟು? ಇವತ್ತಿನ ಲಾರಿ ಇನ್ನೂ ಹತ್ತು ಹದಿನೈದು ವರ್ಷ ಓಡುತ್ತದೆ. ಅಷ್ಟು ಬೇಸಿಗೆಗಳನ್ನು ಅದರ ಚಾಲಕ ಹಾಗೆಯೇ ಕಳೆಯಬೇಕು. ಮಾಲೀಕ ಮನಸ್ಸು ಮಾಡಿ ಚಾವಣಿಯ ಮೇಲೆ ಏನಾದರೂ ಕೂರಿಸೋಣವೆಂದರೆ ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯ ಅಂಜಿಕೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕೇರಳದ್ದೇ ಒಂದು ಪ್ರಕರಣದಲ್ಲಿ. ಆ ತೀರ್ಪಿನ ಉದ್ದೇಶ ರಸ್ತೆಯ ಸುರಕ್ಷತೆ. ಅದರಲ್ಲಿ ತಪ್ಪು ಹುಡುಕುತ್ತಿಲ್ಲ. ಆದರೆ ಕಣ್ಣು ಕುಕ್ಕುವ ದೀಪ, ಕಿವಿ ಒಡೆಯುವ ಹಾರನ್ನುಗಳ ಜೊತೆ ಮಲಗುವವನ ತಲೆಯ ಮೇಲಿನ ತಂಪಿನ ಪೆಟ್ಟಿಗೆಯೂ ಒಂದೇ ಅನುಮಾನದ ಪಟ್ಟಿಗೆ ಸೇರುವುದು ನ್ಯಾಯವಲ್ಲ.

ಎರಡನೆಯ ಕತ್ತಲೆ ಹೊಸ ಲಾರಿಯಲ್ಲೂ ಇದೆ, ಇದನ್ನು ಹೆಚ್ಚಿನವರು ಯೋಚಿಸಿಯೇ ಇಲ್ಲ. ಕಂಪನಿಯಿಂದಲೇ ಬರುವ ಎ.ಸಿ.ಯ ಕಂಪ್ರೆಸರನ್ನು ತಿರುಗಿಸುವುದು ಲಾರಿಯ ಎಂಜಿನ್. ಎಂಜಿನ್ ನಿಂತರೆ ತಂಪೂ ನಿಂತಿತು. ಅಂದರೆ ದುಡಿಯುವಾಗ ತಂಪು, ಮಲಗುವಾಗ ಸೆಕೆ. ಎಂಜಿನ್ ಓಡಿಸಿಯೇ ಮಲಗಿದರೆ ಗಂಟೆಗೆ ಎರಡು ಮೂರು ಲೀಟರ್ ಡೀಸೆಲ್ ಸುಡುತ್ತದೆ. ಎಂಟು ಗಂಟೆಯ ನಿದ್ದೆಗೆ ಒಂದೂವರೆ ಸಾವಿರ ರೂಪಾಯಿಗೂ ಮೇಲೆ. ಯಾವ ಮಾಲೀಕ ಕೊಟ್ಟಾನು? ಚಾಲಕನ ಕೈಯಿಂದಲೇ ಅದನ್ನು ಕಡಿದುಕೊಳ್ಳುತ್ತಾರೆ. ಹೊಗೆ, ಸದ್ದು ಬೇರೆ. ಕ್ಯಾಲಿಫೋರ್ನಿಯಾದಲ್ಲಿ ನಿಂತ ಲಾರಿಯ ಎಂಜಿನ್ನನ್ನು ಐದು ನಿಮಿಷಕ್ಕಿಂತ ಹೆಚ್ಚು ಓಡಿಸುವಂತಿಲ್ಲ. ಅಲ್ಲಿಯ ಚಾಲಕರು ಎಂಜಿನ್ ಆರಿಸಿದ ಮೇಲೂ ನಡೆಯುವ ಪ್ರತ್ಯೇಕ ಸಣ್ಣ ಯಂತ್ರಗಳನ್ನು, ಬ್ಯಾಟರಿಯ ಎ.ಸಿ.ಗಳನ್ನು ಬಳಸುತ್ತಾರೆ. ಅಂಥವು ನಮ್ಮಲ್ಲೂ ಸಿಗುತ್ತವೆ: ನೇರವಾಗಿ 24 ವೋಲ್ಟಿನಲ್ಲಿ ಒಂದು ಕಿಲೋವ್ಯಾಟಿಗೂ ಕಡಿಮೆ ಎಳೆಯುವ, ಗಾಡಿ ಸ್ಟಾರ್ಟ್ ಆಗುವಷ್ಟು ಚಾರ್ಜ್ ಉಳಿದಿರುವಾಗಲೇ ತಾವಾಗಿ ನಿಲ್ಲುವ ಯಂತ್ರಗಳು. ಜೊತೆಗೆ ಹೆಚ್ಚುವರಿ ಬ್ಯಾಟರಿ ಬೇಕು. ಅಸಾಧ್ಯವಾದದ್ದೇನೂ ಅಲ್ಲ. ಸೀಗಡಿಗಾಗಿ ಹದಿನೈದು ಕಿಲೋವ್ಯಾಟಿನ ಜೆನ್‌ಸೆಟ್ ಹೊರುವ ಗಾಡಿಗೆ ಮನುಷ್ಯನಿಗಾಗಿ ಒಂದು ಕಿಲೋವ್ಯಾಟ್ ಭಾರವಾಗುವುದಾದರೆ ನಾವು ತೂಗುತ್ತಿರುವ ತಕ್ಕಡಿಯನ್ನೇ ಪರೀಕ್ಷಿಸಬೇಕು.

ಈ ವಿಷಯವನ್ನು ನಮ್ಮವರ ಕೂಟವೊಂದರಲ್ಲಿ ಎತ್ತಿದಾಗ ಮೂರು ಆಕ್ಷೇಪಗಳು ಬಂದವು. ಮೂರನ್ನೂ ನೀವೂ ಕೇಳಿರುತ್ತೀರಿ.

“ಎ.ಸಿ. ಹಾಕಿದರೆ ಡ್ರೈವರ್ ನಿದ್ದೆ ಹೋಗುತ್ತಾನೆ” ಎಂಬುದು ಮೊದಲನೆಯದು. ಹಬ್ಬಕ್ಕೆ ಊರಿಗೆ ಹೋಗುವಾಗ ಎರ್ನಾಕುಲಂನಿಂದ ಬೆಂಗಳೂರಿನ ಐರಾವತ ಬಸ್ಸು ಹತ್ತುವವರು ನಾವೇ. ರಾತ್ರಿಯಿಡೀ ಹೊದ್ದು ಮಲಗುತ್ತೇವೆ. ಅದೇ ತಂಪಿನಲ್ಲಿ ಕುಳಿತ ಚಾಲಕ ಎಚ್ಚರದಿಂದ ನಮ್ಮನ್ನು ಬೆಳಗಿಗೆ ತಲುಪಿಸುತ್ತಾನೆ. ಅವನು ನಿದ್ದೆ ಹೋದಾನೆಂಬ ಭಯದಿಂದ ನಾವು ಎ.ಸಿ. ಇಲ್ಲದ ಬಸ್ಸು ಹುಡುಕುತ್ತೇವೆಯೇ? ಚಾಲಕ ತೂಕಡಿಸುವುದು ತಂಪಿನಿಂದಲ್ಲ, ಹಿಂದಿನ ರಾತ್ರಿ ಸೆಕೆಗೆ ನಿದ್ದೆ ಬಾರದ್ದರಿಂದ.

ಎರಡನೆಯದು ಖರ್ಚು. ಹತ್ತಾರು ಲಕ್ಷದ ಗಾಡಿ, ಅದರ ಮೇಲೆ ಅದಕ್ಕೂ ಹೆಚ್ಚು ಬೆಲೆಯ ಸರಕು. ಇವುಗಳ ನಡುವೆ ಒಂದು ತಂಪಿನ ಪೆಟ್ಟಿಗೆಯ ಬೆಲೆ ಎಷ್ಟರದು? ಒಂದು ಅಪಘಾತದ ಬೆಲೆಯ ಪಕ್ಕದಲ್ಲಿಟ್ಟು ನೋಡಿದರೆ ಆ ಪ್ರಶ್ನೆಗೆ ಉತ್ತರವೇ ಬೇಕಿಲ್ಲ.

ಮೂರನೆಯದು ಪರಿಸರ. ಇದನ್ನು ಹೇಳಿದವರು ಓದಿಕೊಂಡವರು. ಎ.ಸಿ.ಗಳೇ ಭೂಮಿಯನ್ನು ಬಿಸಿ ಮಾಡುತ್ತಿವೆ, ಇನ್ನಷ್ಟು ಎ.ಸಿ. ಬೇಕೇ ಎಂದರು, 24 ಡಿಗ್ರಿಯ ಕೋಣೆಯಲ್ಲಿ ಕುಳಿತು. ಹಳೆಯ ಯಂತ್ರಗಳಲ್ಲಿದ್ದ ಆರ್-22ರಂಥ ಅನಿಲಗಳು ಓಜೋನ್ ಪದರಕ್ಕೆ ಹಾನಿ ಮಾಡುತ್ತವೆ, 1987ರ ಮಾಂಟ್ರಿಯಲ್ ಒಪ್ಪಂದದ ಜಾಡಿನಲ್ಲಿ ಅವನ್ನು ಕೈಬಿಡಲಾಗುತ್ತಿದೆ. ಹಳೆಯದನ್ನು ಬದಲಿಸುವಾಗ ಅನಿಲವನ್ನು ಗಾಳಿಗೆ ಬಿಡದೆ ಹಿಡಿದಿಡಬೇಕು. ಇದೆಲ್ಲ ನಿಜ. ಆದರೆ ಉಳಿತಾಯವನ್ನು ಎಂದೂ ತಂಪು ಕಾಣದವನಿಂದ ಶುರುಮಾಡುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಮೊದಲು ನಮ್ಮ ಖಾಲಿ ಸಭಾಂಗಣಗಳ ಎ.ಸಿ. ಆರಿಸೋಣ.

ಎಂ.ಎ.ಯಲ್ಲಿ ಜೊನಾಥನ್ ಸ್ವಿಫ್ಟನನ್ನು ಓದಿದವನು ನಾನು. ಅವನಿದ್ದಿದ್ದರೆ ಬಲು ವಿನಯದಿಂದ ಸಲಹೆ ಕೊಡುತ್ತಿದ್ದ: ಚಾಲಕನನ್ನೂ ಸರಕಿನ ಪಟ್ಟಿಗೆ ಸೇರಿಸಿಬಿಡಿ. ಆಗ ಅವನ ಉಷ್ಣತೆಯೂ ಗಂಟೆಗಂಟೆಗೂ ದಾಖಲಾಗುತ್ತದೆ, ಕೆಟ್ಟರೆ ವಿಮೆಯೂ ಬರುತ್ತದೆ.

ನನ್ನ ಬೇಡಿಕೆಗಳು ಅಷ್ಟು ವಿಲಕ್ಷಣವಲ್ಲ. ಹಳೆಯ ಲಾರಿಯ ಕ್ಯಾಬಿನ್ನಿಗೆ ತಂಪಿನ ಯಂತ್ರ ಕೂರಿಸುವುದಕ್ಕೆ ತೂಕ, ಎತ್ತರ, ವೈರಿಂಗುಗಳ ಮಾನದಂಡವನ್ನು ಗೊತ್ತುಮಾಡಿ, ಅದನ್ನು ಪಾಲಿಸಿದವರಿಗೆ ದಂಡವಿಲ್ಲವೆಂದು ಸ್ಪಷ್ಟವಾಗಿ ಬರೆದುಕೊಡಲಿ. ಕಂಟೇನರುಗಳಿಗೆ ಪ್ಲಗ್ಗಿರುವ ಬಂದರುಗಳ ಬಳಿ ಕ್ಯಾಬಿನ್ನಿಗೂ ಒಂದು ಪ್ಲಗ್ಗಿರುವ ನಿಲುಗಡೆ ತಾಣ ಬರಲಿ. ವಲ್ಲಾರ್ಪಾಡಂ ಟರ್ಮಿನಲ್ ಉದ್ಘಾಟನೆಯಾದದ್ದು 2011ರಲ್ಲಿ, 2025ರಲ್ಲಿ ಉದ್ಘಾಟನೆಯಾದ ತಿರುವನಂತಪುರದ ವಿಳಿಞ್ಞಂ ಬಂದರಿಗೆ ರಸ್ತೆಯ ಸಂಚಾರ ಹೆಚ್ಚುವ ಮೊದಲೇ ಅಲ್ಲಿ ಈ ಏರ್ಪಾಡು ಆಗಬಹುದು. ಚಾಲಕರು ರಾತ್ರಿ ತಂಗಬೇಕಾದಲ್ಲಿ ಗಾಳಿ ಬೆಳಕಿನ ವಿಶ್ರಾಂತಿ ಕೊಠಡಿ ಇರಬೇಕೆಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಆದರೆ ಅದು ಅನ್ವಯಿಸುತ್ತಿದ್ದುದು ಐದು ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗೆ. ಒಂದೆರಡು ಲಾರಿಯ ಮಾಲೀಕರೇ ತುಂಬಿರುವ ಈ ದಂಧೆಯಲ್ಲಿ ಆ ಕೊಠಡಿಯ ಬಾಗಿಲು ಹೆಚ್ಚಿನವರಿಗೆ ತೆರೆಯಲೇ ಇಲ್ಲ. ಸೆಕೆಗೆ ಆಳೆಣಿಕೆಯ ಮಿತಿಯಿಲ್ಲ, ವಿಶ್ರಾಂತಿಗೂ ಇರಬಾರದು.

ನಮ್ಮ ಊರುಗಳಲ್ಲಿ ಬೇಸಿಗೆಗೆ ದಾರಿಬದಿ ಅರವಟ್ಟಿಗೆ ಇಡುತ್ತಿದ್ದರು. ಇಲ್ಲಿ ಕೇರಳದಲ್ಲಿ ತಲೆಹೊರೆಯವರು ಹೊರೆ ಇಳಿಸಿ ನಿಲ್ಲಲೆಂದು ನೆಟ್ಟ ಕಲ್ಲುಗಳನ್ನು ಹಳೆಯ ದಾರಿಗಳಲ್ಲಿ ಈಗಲೂ ಕಾಣಬಹುದು, ಚುಮಡುತಾಂಗಿ ಎನ್ನುತ್ತಾರೆ. ಅವನ್ನು ಕಟ್ಟಿಸಿದವರು ಹೊರೆಯವನು ಯಾವ ಮಾಲೀಕನ ಆಳೆಂದು ಕೇಳಲಿಲ್ಲ, ನೀರು ಕುಡಿದರೆ ಸೋಮಾರಿಯಾಗುತ್ತಾನೆಂದು ವಾದಿಸಲಿಲ್ಲ.

ಆ ಸಂಜೆ ನಾವು ಹೊರಟಾಗ ಕ್ಯಾರವಾನಿನೊಳಗೆ ಹೊಸ ಎ.ಸಿ.ಯನ್ನು ಪರೀಕ್ಷೆಗೆಂದು ಓಡಿಸಿಟ್ಟಿದ್ದರು. ಒಳಗೆ ಯಾರೂ ಇರಲಿಲ್ಲ. ರಸ್ತೆಯಾಚೆ ಜೆನ್‌ಸೆಟ್ ಗುಡುಗುಟ್ಟುತ್ತಿತ್ತು. ಶಿರಾದ ಆ ಚಾಲಕರು ಟ್ರೇಲರಿನ ಕೆಳಗೆ, ಎರಡು ಚಕ್ರಗಳ ನಡುವೆ ಚಾಪೆ ಹಾಸಿ, ಮುಖಕ್ಕೆ ಟವೆಲು ಮುಚ್ಚಿಕೊಂಡು ಮಲಗಿದ್ದರು. ಅವರ ಸರದಿ ಬೆಳಗಿನ ಜಾವಕ್ಕೆ ಎಂದಿದ್ದರು. ಅದಾದ ಮೇಲೆ ಮತ್ತೆ ಊರಿನ ದಾರಿ, ನಾನೂರು ಕಿಲೋಮೀಟರಿಗೂ ಹೆಚ್ಚು, ಆ ನಿದ್ದೆಯನ್ನೇ ನಂಬಿಕೊಂಡು.