ಹಳೆಯ ಸ್ಪೋರ್ಟ್ಸ್ ಕಾರಿಗೆ ಗೌರವ, ಹಳೆಯ ಜೀಪಿಗೆ ಗುಜರಿಯೇ?

ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿ ಪುಟ್ಟೇನಹಳ್ಳಿಯ ಕೆರೆಯಿದೆ. ಜೆ.ಪಿ. ನಗರದ ಬಳಿ ಇದೇ ಹೆಸರಿನ ಇನ್ನೊಂದು ಕೆರೆಯಿದೆ. ನಾನು ಹೇಳುತ್ತಿರುವುದು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿತವಾದ ಕೆರೆಯ ಮಾತು. ಭಾನುವಾರ ಮುಂಜಾನೆ ಈ ಭಾಗದ ರಸ್ತೆಗಳಲ್ಲಿ ನಂದಿಬೆಟ್ಟದ ಕಡೆಗೆ ಸಾಗುವ ವಾಹನಗಳ ನಡುವೆ ಮೂವತ್ತು ನಲವತ್ತು ವರ್ಷ ದಾಟಿದ ಸ್ಪೋರ್ಟ್ಸ್ ಕಾರುಗಳೂ ಆಗೀಗ ಕಣ್ಣಿಗೆ ಬೀಳುತ್ತವೆ. ಅದೇ ವಯಸ್ಸಿನ ಸಾಮಾನ್ಯ ಕಾರುಗಳಲ್ಲಿ ಹೆಚ್ಚಿನವು ಎಂದೋ ಗುಜರಿ ಸೇರಿವೆ. ವೇಗಕ್ಕೆಂದೇ ಮಾಡಿದ, ಬೇಗ ಸವೆದುಹೋಗಬೇಕಾಗಿದ್ದ ವಾಹನಗಳೇ ಉಳಿದುಕೊಂಡದ್ದು ಹೇಗೆ? ಮಲೆನಾಡಿನವರಿಗೆ ಈ ಪ್ರಶ್ನೆಯ ಗೊಡವೆ ಏಕೆ ಎನ್ನಬೇಡಿ. ಇದರ ಉತ್ತರದಲ್ಲಿ ನಮ್ಮ ಅಂಗಳದ ಜೀಪಿನ ಭವಿಷ್ಯವೂ ನಮ್ಮ ಗುಡ್ಡಗಳ ಭವಿಷ್ಯವೂ ಅಡಗಿವೆ.

ಸ್ಪೋರ್ಟ್ಸ್ ಕಾರು ಉಳಿಯಲು ಮೊದಲ ಕಾರಣ, ಅದು ಓಡುವುದೇ ಕಡಿಮೆ. ಅದು ಮನೆಯ ಎರಡನೆಯ ಅಥವಾ ಮೂರನೆಯ ಕಾರು. ಮಳೆ ಬಂದರೆ ಹೊರಗೆ ಬಾರದು, ಉಳಿದ ದಿನ ಸೂರಿನಡಿ ಹೊದಿಕೆ ಹೊದ್ದು ನಿಂತಿರುತ್ತದೆ. ವರ್ಷಕ್ಕೆ ಸುಮಾರು ಒಂದು ಸಾವಿರ ಮಿಲಿಮೀಟರ್ ಮಳೆಯಾಗುವ ಬೆಂಗಳೂರಿನಲ್ಲಿ ತುಕ್ಕಿನ ಕಾಟವೂ ಆಗುಂಬೆಯಷ್ಟಿಲ್ಲ. ಎರಡನೆಯದು, ಹಲವು ಸ್ಪೋರ್ಟ್ಸ್ ಕಾರುಗಳ ಮೈ ಉಕ್ಕಿನದಲ್ಲ, ಫೈಬರಿನದು. ಸ್ಯಾನ್ ಕಂಪನಿ 1998ರಲ್ಲಿ ಹೊರತಂದ, ಎರಡೇ ಆಸನದ ‘ಸ್ಟಾರ್ಮ್’ ಕಾರಿನ ಮೈ ಅಂಥದ್ದೇ. ಫೈಬರಿಗೆ ತುಕ್ಕು ಹಿಡಿಯದು. ಮೂರನೆಯದು, ಹಳೆಯ ಎಂಜಿನ್ನಿನಲ್ಲಿ ಬಿಚ್ಚಿ ಜೋಡಿಸಲಾಗದ್ದು ಏನೂ ಇಲ್ಲ. ಕಾರ್ಬ್ಯುರೇಟರ್ ಕಟ್ಟಿಕೊಂಡರೆ ಮೇಸ್ತ್ರಿ ಅದನ್ನು ಕಳಚಿ ತೊಳೆದು ಕೂಡಿಸುತ್ತಾನೆ, ಅದಕ್ಕೆ ಕಂಪ್ಯೂಟರು ಬೇಕಿಲ್ಲ.

ನಾಲ್ಕನೆಯ ಕಾರಣವೇ ಎಲ್ಲಕ್ಕಿಂತ ಮುಖ್ಯ: ಬಿಡಿಭಾಗ. ಇಂಗ್ಲೆಂಡಿನ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರು 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾಯಿತು. ತಯಾರಿಕೆ ನಿಂತ ಎಂಟು ವರ್ಷಗಳ ಮೇಲೆ, 1988ರಲ್ಲಿ, ಮೂಲ ಅಚ್ಚುಗಳನ್ನೇ ಹುಡುಕಿ ತೆಗೆದು ಅದರ ಇಡೀ ಹೊರಮೈಯನ್ನು ಹೊಸದಾಗಿ ಮಾಡಿ ಮಾರತೊಡಗಿದರು. ಕೊಳ್ಳುವವರಿದ್ದರು, ಆದ್ದರಿಂದ ಭಾಗ ಸಿಕ್ಕಿತು. ಭಾಗ ಸಿಕ್ಕಿತು, ಆದ್ದರಿಂದ ಕಾರು ಉಳಿಯಿತು. ಅಂದಮೇಲೆ ವಾಹನದ ಆಯುಷ್ಯವನ್ನು ಬರೆಯುವುದು ಕ್ಯಾಲೆಂಡರಲ್ಲ. ಅದರ ಆರೈಕೆ, ಅದರ ಓಟ, ಅದರ ಬಿಡಿಭಾಗದ ಲಭ್ಯತೆ, ಈ ಮೂರೂ ಸೇರಿ ಅದನ್ನು ಬರೆಯುತ್ತವೆ.

ಈಗ ಕಾನೂನನ್ನು ನೋಡಿ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ವ್ಯಾಪಾರಕ್ಕೆ ಬಳಸದ ವಾಹನಗಳಿಗೆ ‘ವಿಂಟೇಜ್’ ಎಂಬ ಪಟ್ಟ ಕಟ್ಟಿತು. 20,000 ರೂಪಾಯಿ ಕಟ್ಟಿದರೆ ಹತ್ತು ವರ್ಷಗಳ ನೋಂದಣಿ. ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ ರಸ್ತೆಗಿಳಿಯಬಹುದು, ದಿನನಿತ್ಯದ ಓಡಾಟಕ್ಕಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಗುಜರಿ ನೀತಿಯೂ ಬಂತು. 2022ರ ಏಪ್ರಿಲಿನಿಂದ ಹದಿನೈದು ವರ್ಷ ಮೀರಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಹಾರಿತು. ಇಪ್ಪತ್ತು ವರ್ಷ ಮೀರಿದವಕ್ಕೆ 2025ರಲ್ಲಿ 10,000 ರೂಪಾಯಿ ಎಂದಾಯಿತು. ವಯಸ್ಸಾದ ಮಾತ್ರಕ್ಕೆ ಖಾಸಗಿ ವಾಹನವನ್ನು ಗುಜರಿಗೆ ಎಳೆದೊಯ್ಯುವುದಿಲ್ಲ, ಅರ್ಹತಾ ಪರೀಕ್ಷೆಯಲ್ಲಿ ಗೆದ್ದರೆ ಸಾಕು ಎಂದು ನೀತಿ ಹೇಳುತ್ತದೆ, ನಿಜ. ಆದರೆ ಶುಲ್ಕದ ಏಣಿಯನ್ನು ವಯಸ್ಸಿಗೇ ಆನಿಸಿ ನಿಲ್ಲಿಸಲಾಗಿದೆ. ಸರ್ಕಾರಿ ವಾಹನಗಳಿಗಂತೂ ಪರೀಕ್ಷೆಯ ಮಾತೇ ಇಲ್ಲ: 2023ರ ಏಪ್ರಿಲಿನಿಂದ ಹದಿನೈದು ತುಂಬಿದರೆ ನೋಂದಣಿಯೇ ರದ್ದು. ಸಾರಿಗೆ ನಿಗಮದ ಬಸ್ಸುಗಳೂ ಈ ಲೆಕ್ಕಕ್ಕೆ ಸೇರಿವೆ.

ಐವತ್ತು ವರ್ಷದ ಕಾರು ಪರಂಪರೆಯಾಯಿತು, ಇಪ್ಪತ್ತು ವರ್ಷದ ಜೀಪು ಪಾಪಿಯಾಯಿತು. ಬಸ್ಸು ಮುಟ್ಟದ ಊರಿನಿಂದ ಬಾಣಂತಿಯನ್ನು ಆಸ್ಪತ್ರೆಗೆ, ಅಡಿಕೆ ಮೂಟೆಯನ್ನು ಮಂಡಿಗೆ ಹೊತ್ತೊಯ್ಯುವ ಜೀಪು ದುಡಿಯುತ್ತಿರುವ ಕಾರಣಕ್ಕೇ ವಿಂಟೇಜ್ ಪಟ್ಟಕ್ಕೆ ಅನರ್ಹ. ದುಡಿಯದೆ ನಿಂತಿದ್ದಕ್ಕೆ ಗೌರವ, ದುಡಿದದ್ದಕ್ಕೆ ದಂಡ. ಇದು ಯಾವ ಪರಿಸರ ನ್ಯಾಯ?

ಹಳೆಯ ವಾಹನ ಹೆಚ್ಚು ಹೊಗೆಯುಗುಳುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದು ಸತ್ಯ, ಪರಿಸರದ ಹೆಸರು ಹೇಳುವ ನಾವು ಅದನ್ನು ಮುಚ್ಚಿಡಬಾರದು. ಹೊಗೆಯ ವಿಷವನ್ನು ಕಡಿಮೆ ಮಾಡುವ ವೇಗವರ್ಧಕ ಪರಿವರ್ತಕ ನಮ್ಮ ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಬರತೊಡಗಿದ್ದೇ 1995ರಲ್ಲಿ. ಅದಕ್ಕೂ ಹಿಂದಿನ ಕಾರು ಒಂದು ಕಿಲೋಮೀಟರಿಗೆ ಉಗುಳುವ ವಿಷ, 2020ರಿಂದ ಕಡ್ಡಾಯವಾದ ಬಿಎಸ್-6 ಕಾರಿನದಕ್ಕಿಂತ ಹಲವು ಪಟ್ಟು ಹೆಚ್ಚು. ಹಳೆಯ ಡೀಸೆಲ್ ಜೀಪಿನ ಕರಿಹೊಗೆ ಮಕ್ಕಳ ಶ್ವಾಸಕೋಶಕ್ಕೆ ಕೇಡೇ ಸರಿ. ಆದರೆ ‘ಒಂದು ಕಿಲೋಮೀಟರಿಗೆ’ ಎಂಬ ಮಾತನ್ನು ಗಮನಿಸಿ. ಹಳೆಯ ಸ್ಪೋರ್ಟ್ಸ್ ಕಾರೊಂದು ವರ್ಷಕ್ಕೆ 1,500 ಕಿಲೋಮೀಟರ್ ಓಡಿ, ಲೀಟರಿಗೆ ಎಂಟು ಕಿಲೋಮೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳಿ: ಸುಮಾರು 190 ಲೀಟರ್ ಪೆಟ್ರೋಲು. ಹೊಸ ಕಾರೊಂದು 20,000 ಕಿಲೋಮೀಟರ್ ಓಡಿ, ಲೀಟರಿಗೆ ಹದಿನಾರು ಕೊಟ್ಟರೆ 1,250 ಲೀಟರ್. ಪ್ರತಿ ಲೀಟರ್ ಪೆಟ್ರೋಲೂ ಉರಿದಾಗ ಸುಮಾರು 2.3 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊಮ್ಮುತ್ತದೆ. ಭೂಮಿಯನ್ನು ಹೆಚ್ಚು ಬಿಸಿ ಮಾಡಿದವರಾರು ಎಂಬುದನ್ನು ವಿದ್ಯಾರ್ಥಿಗಳೇ ಗುಣಿಸಿ ನೋಡಲಿ.

ಇನ್ನು ಹೊಸ ಕಾರಿನ ಉಕ್ಕು ಎಲ್ಲಿಂದ ಬರುತ್ತದೆ? ಗುಡ್ಡಗಳಿಂದ. ಉಕ್ಕಿನ ಹಸಿವು ಎಂದರೇನೆಂದು ಕುದುರೆಮುಖದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಭದ್ರೆಯ ಒಡಲಿಗೆ ವರ್ಷವರ್ಷವೂ ಹೂಳು ತುಂಬಿದ ಆ ಗಣಿ, ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಡಿಸೆಂಬರ್ 31ಕ್ಕೆ ನಿಲ್ಲುವ ತನಕ ಎಷ್ಟು ಹೋರಾಟ ಬೇಕಾಯಿತು! ಗುಜರಿಯೂ ಉಕ್ಕಾಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ. ಪುಟ್ಟೇನಹಳ್ಳಿಗೆ ದೂರವಲ್ಲದ ಯಲಹಂಕದ ರೈಲು ಗಾಲಿ ಕಾರ್ಖಾನೆ 1984ರಿಂದ ರೈಲ್ವೆಯ ಗುಜರಿಯನ್ನೇ ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಗಾಲಿ ಎರಕ ಹೊಯ್ಯುತ್ತಿದೆ. ನಿಜವಾಗಿ ಸವೆದುಹೋದದ್ದಕ್ಕೆ ಅದೇ ಸರಿಯಾದ ದಾರಿ. ಇನ್ನೂ ಹತ್ತು ವರ್ಷ ಓಡಬಲ್ಲದ್ದನ್ನು ಕುಲುಮೆಗೆ ಹಾಕುವುದು ಮಾತ್ರ, ಫಲ ಬಿಡುತ್ತಿರುವ ತೆಂಗನ್ನು ಕಡಿದು ಸಸಿ ನೆಟ್ಟಂತೆ. ಅದರಿಂದ ಲಾಭವಾಗುವುದು ಸಸಿ ಮಾರುವವನಿಗೆ.

ಆದ್ದರಿಂದ ನಾವು ಕೇಳಬೇಕಾದುದು ಹಳೆಯ ವಾಹನಕ್ಕೆ ವಿನಾಯಿತಿಯನ್ನಲ್ಲ, ನ್ಯಾಯವಾದ ಅಳತೆಗೋಲನ್ನು. ಶುಲ್ಕವು ವಯಸ್ಸಿಗೆ ಬದಲು ಹೊಗೆಯ ಪ್ರಮಾಣವನ್ನೂ ವರ್ಷದ ಓಟವನ್ನೂ ನೋಡಿ ನಿಗದಿಯಾಗಲಿ. ದುಡ್ಡು ಕೊಟ್ಟು ಚೀಟಿ ಪಡೆಯುವ ಹೊಗೆ ತಪಾಸಣೆ ನಿಂತು, ತಾಲ್ಲೂಕಿಗೊಂದು ಪ್ರಾಮಾಣಿಕ ಪರೀಕ್ಷಾ ಕೇಂದ್ರ ಬರಲಿ. ಅಲ್ಲಿ ಸೋತ ಜೀಪು ದುರಸ್ತಿಯಾಗುವವರೆಗೆ ಮಕ್ಕಳನ್ನು ಕೂರಿಸಿಕೊಳ್ಳದಿರಲಿ. ಮಾದರಿಯೊಂದರ ತಯಾರಿಕೆ ನಿಲ್ಲಿಸಿದ ಕಂಪನಿ ಇನ್ನೂ ಇಪ್ಪತ್ತೈದು ವರ್ಷ ಬಿಡಿಭಾಗ ಕೊಡಬೇಕೆಂದು ಕಾನೂನಾಗಲಿ. ಗುಜರಿಗೆ ಹೋದ ಪ್ರತಿ ಬಸ್ಸಿಗೂ ಅದೇ ಹಳ್ಳಿಯ ದಾರಿಗೆ ಹೊಸ ಬಸ್ಸು ಬಂದ ಮೇಲೆಯೇ ಹಳೆಯದು ನಿಲ್ಲಲಿ. ಒಳ್ಳೆಯ ಬಸ್ಸಿದ್ದ ಊರಿನಲ್ಲಿ ಅರ್ಧಕ್ಕರ್ಧ ಜೀಪುಗಳ ಓಟ ತಾನಾಗಿಯೇ ಇಳಿಯುತ್ತದೆ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಪ್ರತಿಯೊಂದು ವಾಹನದ ತಯಾರಿಕೆಯ ವರ್ಷ, ವರ್ಷದ ಓಟ, ಲೀಟರಿಗೆ ಕೊಡುವ ಕಿಲೋಮೀಟರು, ಸಿಗದೆ ನಿಂತ ಬಿಡಿಭಾಗ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾಳೆ ಸಾರಿಗೆ ಕಚೇರಿಯ ಮುಂದೆ ನಿಂತಾಗ ನಮ್ಮ ಕೈಯಲ್ಲಿ ಘೋಷಣೆಯ ಫಲಕದ ಜೊತೆಗೆ ಆ ಲೆಕ್ಕವೂ ಇರಬೇಕು.